ಏಕಾಂತಯ್ಯನ ಲಾರಿಗೆ ಎಸಿ ಬಂದದ್ದು

"ಲಾರಿಗೆ ಎಸೀನಾ? ಯಾರಿಗೆ ಭಾವ, ಅಕ್ಕಿ ಮೂಟೆಗಾ?"

ವಿಶ್ವನಾಥ ಹೀಗೆ ಕೇಳಿದ್ದೇ ತಡ, ಯಾದವಗಿರಿಯ ಅವನ ಮನೆಯಲ್ಲಿ ಎಲೆ ಮುಂದೆ ಕೂತಿದ್ದ ನೆಂಟರೆಲ್ಲ ಒಟ್ಟಿಗೇ ನಕ್ಕರು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರು ಸೌಟನ್ನು ಗಾಳಿಯಲ್ಲೇ ಹಿಡಿದು ನಕ್ಕರು. ನಗದೇ ಇದ್ದವರು ಇಬ್ಬರು: ಎಸಿಯ ಮಾತು ಎತ್ತಿದ ಏಕಾಂತಯ್ಯ, ಮತ್ತು ಅವನ ಹೆಂಡತಿ, ವಿಶ್ವನಾಥನ ಅಕ್ಕ ಪ್ರೇಮಲೀಲಾ. ಏಕಾಂತಯ್ಯ ನಗದೇ ಇದ್ದದ್ದು ಅವಮಾನಕ್ಕೆ. ಪ್ರೇಮಲೀಲಾ ನಗದೇ ಇದ್ದದ್ದು ಆಶ್ಚರ್ಯಕ್ಕೆ. ಲಾರಿಗೆ ಎಸಿ ಹಾಕಿಸಿದ ಸುದ್ದಿಯನ್ನು ಅವಳೂ ಆಗಷ್ಟೇ ಮೊದಲ ಸಲ ಕೇಳುತ್ತಿದ್ದಳು.

ಎರಡು ಸಾವಿರದ ಏಳನೇ ಇಸವಿಯ ಬೇಸಿಗೆ ಅದು. ವಿಶ್ವನಾಥ ಹೊಸ ಕಾರು ಕೊಂಡ ಸಂಭ್ರಮಕ್ಕೆ ಊಟ ಇಟ್ಟಿದ್ದ. ಊಟಕ್ಕೆ ಮೊದಲು ನೆಂಟರನ್ನು ಕಂತು ಕಂತಾಗಿ ಕಾರಿನಲ್ಲಿ ಕೂರಿಸಿ, ಗಾಜು ಏರಿಸಿ, ಎಸಿ ಹಾಕಿ ತೋರಿಸಿದ್ದ. ಒಬ್ಬ ಸೋದರತ್ತೆಗೆ ಹಲ್ಲು ಕಟಕಟ ಅಂದು ಶಾಲು ಹೊದಿಸಬೇಕಾಗಿ ಬಂದಿತ್ತು. ಅದು ಚಳಿಗೋ ಮರ್ಯಾದೆಗೋ ಯಾರೂ ವಿಚಾರಿಸಲಿಲ್ಲ. ಇಷ್ಟಾದ ಮೇಲೆ ಎಲೆ ಮುಂದೆ ಪ್ರೇಮಲೀಲಾ ತನ್ನ ದುಃಖ ತೋಡಿಕೊಂಡಳು. ಗಂಡ ಹಗಲೆಲ್ಲ ಲಾರಿಯೊಳಗೆ ಸೆಕೆಯಲ್ಲಿ ಬೇಯುತ್ತಾನೆ, ನಿದ್ದೆಯಿಲ್ಲ. ರಾತ್ರಿ ಸ್ಟೇರಿಂಗ್ ಹಿಡಿದರೆ ತೂಕಡಿಕೆ. ಹೋದ ಸಲ ಗಂಗಾವತಿಯಿಂದ ಬರುವಾಗ ಲಾರಿಯನ್ನು ಸೀದಾ ಒಂದು ಹಳ್ಳಿಯ ಬಸ್ ತಂಗುದಾಣದೊಳಕ್ಕೇ ನುಗ್ಗಿಸಿದ್ದ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ತಂಗುದಾಣ ಕಟ್ಟಿದಂದಿನಿಂದ ಬಸ್ಸಂತೂ ಬರಲಿಲ್ಲ, ಲಾರಿಯಾದರೂ ಬಂತಲ್ಲ ಅಂತ ಊರಿನವರು ಸಮಾಧಾನ ಪಟ್ಟುಕೊಂಡರಂತೆ.

"ಮಾರಿಬಿಡಿ ಭಾವ ಆ ಲಾರೀನ," ಎಂದಿದ್ದ ವಿಶ್ವನಾಥ. ಅವನಿಗೆ ದೇವರಾಜ ಮೊಹಲ್ಲಾದಲ್ಲಿ ದೊಡ್ಡ ಪಾತ್ರೆ ಅಂಗಡಿ. "ನಮ್ಮ ಅಂಗಡೀಲಿ ಫ್ಯಾನ್ ಕೆಳಗೆ ಕೂತ್ಕೊಳಿ. ಬಂದೋರಿಗೆ ಚೊಂಬು, ಬಿಂದಿಗೆ ತೋರಿಸ್ತಾ ಇರಿ. ಸುಖವಾಗಿರುತ್ತೆ."

ಭಾವಮೈದುನನ ಅಂಗಡಿಯಲ್ಲಿ ಚೊಂಬು ತೋರಿಸುವ ಸುಖವನ್ನು ಏಕಾಂತಯ್ಯ ಒಂದು ಕ್ಷಣ ಕಣ್ಣ ಮುಂದೆ ತಂದುಕೊಂಡ. ಆ ಕ್ಷಣದಲ್ಲೇ ಅವನ ಬಾಯಿ ಅವನನ್ನು ಕೇಳದೆ ಹೇಳಿಬಿಟ್ಟಿತ್ತು: "ಇನ್ಮೇಲೆ ಆ ತೊಂದರೆ ಇಲ್ಲ. ಲಾರಿಗೆ ಎಸಿ ಹಾಕ್ಸಾಯ್ತಲ್ಲ."

ಈಗ ಹಿಂದೆ ಸರಿಯುವ ಹಾಗಿರಲಿಲ್ಲ.

"ಅಕ್ಕಿ ಮೂಟೆಗಲ್ಲಪ್ಪ," ಎಂದ ಏಕಾಂತಯ್ಯ, ಹೋಳಿಗೆಯನ್ನು ನಿಧಾನವಾಗಿ ಮುರಿಯುತ್ತ. "ಸೀಟಿನ ಹಿಂದೆ ನಾನು ಮಲಗೋ ಜಾಗಕ್ಕೆ. ನಿನ್ನ ಕಾರಿನ ಎಸಿ ಇಂಜಿನ್ ನಿಂತ್ರೆ ನಿಂತೋಗುತ್ತೆ. ನಂದು ಇಂಜಿನ್ ನಿಂತ ಮೇಲೇ ಶುರು. ಬಿಸಿಲಲ್ಲೇ ಓಡುತ್ತೆ. ಮೇಲೆ ಸೋಲಾರು, ಕೆಳಗೆ ಬ್ಯಾಟರಿ. ಬಿಸಿಲು ಜಾಸ್ತಿ ಆದಷ್ಟೂ ಒಳಗೆ ಚಳಿ ಜಾಸ್ತಿ."

"ಹಾಗಾದ್ರೆ ಒಂದಿನ ಬಂದು ನೋಡ್ಬೇಕು."

"ಬಾ. ಶಾಲು ತಗೊಂಡು ಬಾ."

ಆಟೋದಲ್ಲಿ ಮನೆಗೆ ಬರುವಾಗ ಅಗ್ರಹಾರದ ತಿರುವು ಬಂದ ಮೇಲೆ ಪ್ರೇಮಲೀಲಾ ಕೇಳಿದಳು: "ಯಾವಾಗ ರೀ ಹಾಕ್ಸಿದ್ದು?"

"ನಾಳೆ," ಎಂದ ಏಕಾಂತಯ್ಯ.

ಪ್ರೇಮಲೀಲಾ ಗಂಡನ ಮುಖ ನೋಡಿದಳು. ಮದುವೆಯ ದಿನ ಧಾರೆ ಹೊತ್ತಿನಲ್ಲಿ ಕರೆಂಟು ಹೋದಾಗಲೂ ಈ ಮುಖ ಹೀಗೇ ಇತ್ತು. "ಹಾಕ್ಸಿ," ಎಂದಳು. "ಅದ್ರಲ್ಲಿ ನೀವು ಹಗಲೊತ್ತು ಸರಿಯಾಗಿ ನಿದ್ದೆ ಮಾಡಿದ್ರೆ ಲಾರಿ ಇರ್ಲಿ. ಇಲ್ಲಾಂದ್ರೆ ಲಾರಿ ಮಾರಿ, ವಿಶ್ವನ ಅಂಗಡಿ. ನಂಗೆ ತಂಗುದಾಣದ ಸುದ್ದಿ ಇನ್ನೊಂದು ಸಲ ಬರಬಾರ್ದು."

ಮರುದಿನ ಏಕಾಂತಯ್ಯ ಹೋದದ್ದು ಅಶ್ವತ್ಥನ ಬ್ಯಾಟರಿ ಅಂಗಡಿಗೆ. ಆಗುವುದಿಲ್ಲ ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿಲ್ಲ; ಆದದ್ದನ್ನು ನೋಡಿದವರೂ ಕಡಿಮೆ. ಬಿಸಿಲಿನ ಎಸಿಯ ಕಥೆಯನ್ನು ಯಾವಾಗಲೋ ಟೀ ಕುಡಿಯುತ್ತ ಏಕಾಂತಯ್ಯನ ತಲೆಗೆ ತುಂಬಿದವನೂ ಅವನೇ.

"ಮನೆ ಮೇಲೆ ಸೋಲಾರ್ ಹಾಕಿದ್ರೆ ಲೈಟು ಉರಿಯುತ್ತೆ," ಎಂದ ಅಶ್ವತ್ಥ. "ಲಾರಿ ಮೇಲೆ ಹಾಕಿದ್ರೆ ಉರಿಯಲ್ವಾ? ಲೈಟು ಉರಿಯೋ ಕಡೆ ಎಸಿ ಉರಿಯಲ್ವಾ ಏಕಾಂತಣ್ಣ?"

"ಎಸಿ ಉರಿಯೋದು ಬೇಡಪ್ಪ. ತಣ್ಣಗಾದ್ರೆ ಸಾಕು."

"ತಣ್ಣಗಾ? ನಿಮ್ಗೆ ಕಂಬ್ಳಿ ಕೊಡಿಸೋ ಜವಾಬ್ದಾರಿ ನಂದು. ಆದ್ರೆ ಒಂದು ಮಾತು. ಯಾರ್ಗೂ ಬಾಯಿ ಬಿಡ್ಬೇಡಿ. ಇಂಥಾದ್ದು ಈ ಊರಲ್ಲಿ ಯಾರೂ ಮಾಡಿಲ್ಲ. ಐಡಿಯಾ ಕದ್ದುಬುಡ್ತಾರೆ."

ಈ ಕೊನೆಯ ಮಾತು ಏಕಾಂತಯ್ಯನಿಗೆ ಬಹಳ ಹಿಡಿಸಿತು. ಅವನ ಹತ್ತಿರ ಇರುವುದನ್ನು ಯಾರಾದರೂ ಕದಿಯಬಹುದು ಅಂತ ಅವನಿಗೆ ಅನ್ನಿಸಿದ್ದು ಜೀವನದಲ್ಲಿ ಅದೇ ಮೊದಲು.

ಕೆಲಸ ಶುರುವಾಯಿತು. ಮುಚ್ಚಿಹೋದ ಫೋಟೋ ಸ್ಟುಡಿಯೋ ಒಂದರ ಸಣ್ಣ ಎಸಿಯನ್ನು ಅಶ್ವತ್ಥ ಹುಡುಕಿ ತಂದ. ಮಲಗುವ ಜಾಗದ ಹಿಂದಿನ ತಗಡು ಕೊರೆದು ಅದನ್ನು ಕೂರಿಸಿದ. ಲಾರಿಯ ತಲೆಯ ಮೇಲೆ ಕಪ್ಪನೆಯ ಸೋಲಾರ್ ಪ್ಲೇಟುಗಳನ್ನು ಹಾಸಿದ. ಹೊಟ್ಟೆಯ ಕೆಳಗೆ ಕಬ್ಬಿಣದ ಪೆಟ್ಟಿಗೆ ಮಾಡಿ ದೊಡ್ಡ ಬ್ಯಾಟರಿಗಳನ್ನಿಟ್ಟ. ತಣ್ಣಗಿನ ಗಾಳಿ ಸೋರಬಾರದೆಂದು ಒಳಗಿನ ಗೋಡೆಗೆಲ್ಲ ಥರ್ಮೊಕೋಲ್ ಅಂಟಿಸಿದ. ಎಸಿಯಿಂದ ತೊಟ್ಟಿಕ್ಕುವ ನೀರು ಹೋಗಲು ಒಂದು ಸಣ್ಣ ಪೈಪನ್ನು ಕೆಳಗೆ ಇಳಿಬಿಟ್ಟ.

ಮೊದಲ ಮಧ್ಯಾಹ್ನ ಏಕಾಂತಯ್ಯ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಎಸಿ ಗುರ್ ಅಂತು. ಆಮೇಲೆ, ಅಶ್ವತ್ಥನಿಗೇ ನಂಬಿಕೆ ಬಾರದ ಹಾಗೆ, ತಣ್ಣಗಾಯಿತು. ಏಕಾಂತಯ್ಯ ಮಲಗಿದ. ಸಂಜೆಯಾದರೂ ಮನೆಗೆ ಬರದ ಗಂಡನನ್ನು ಎಬ್ಬಿಸಲು ಬಂದ ಪ್ರೇಮಲೀಲಾ ಒಳಗೆ ತಲೆ ಹಾಕಿದಳು, ಹಾಗೇ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಹತ್ತಿ ಅವನ ಕಾಲ ಬುಡದಲ್ಲಿ ಕೂತಳು. ಬಹಳ ಹೊತ್ತಾದ ಮೇಲೆ, "ಪಾತ್ರೆ ತೊಳೀಬೇಕಿತ್ತು," ಎಂದಳು. ಆದರೆ ಏಳಲಿಲ್ಲ.

ಹೀಗೆ ಹೆಂಡತಿಯ ಪರೀಕ್ಷೆಯಲ್ಲಿ ಏಕಾಂತಯ್ಯ ಮೊದಲ ದರ್ಜೆಯಲ್ಲಿ ಪಾಸಾದ. ಉಳಿದದ್ದು ಬೀದಿ.

ಅಗ್ರಹಾರದ ಆ ಬೀದಿಯಲ್ಲಿ ಲಾರಿ ನುಗ್ಗುವುದಿಲ್ಲ. ಬೀದಿ ತುದಿಯಲ್ಲಿ ಒಂದು ಖಾಲಿ ಜಾಗ. ಅಲ್ಲಿ ಹೊಂಗೆ ಮರದ ನೆರಳಲ್ಲಿ ಲಾರಿ ನಿಲ್ಲುವುದು ರೂಢಿ. ಅದರ ಎದುರು ಮನೆಯ ಜಗಲಿಯ ಮೇಲೆ ಚಾಮಯ್ಯನವರು ಕೂರುವುದೂ ರೂಢಿ. ಚಾಮಯ್ಯನವರು ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತರಾದವರು. ನೌಕರಿ ಬಿಟ್ಟರೂ ವಿಚಾರಣೆ ಬಿಟ್ಟಿರಲಿಲ್ಲ.

"ಏಕಾಂತಯ್ನೋರೆ, ಗಾಡೀಲಿ ಏನೋ ಹೊಸಾ ಕೆಲಸ ನಡೀತಿರೋ ಹಾಗಿದೆ?"

ಏಕಾಂತಯ್ಯ ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಈಗ್ಲೇ ಹೇಳೋ ಹಾಗಿಲ್ಲ ಸ್ವಾಮಿ."

"ಹೇಳೋ ಹಾಗಿಲ್ವಾ?"

"ಈ ಬೀದೀಲಿ ಇದುವರೆಗೆ ಯಾರೂ ಮಾಡಿಲ್ಲ ಅಂತ ತಿಳ್ಕೊಳಿ."

ಅಷ್ಟು ಹೇಳಿ ಅವನು ಗಂಭೀರವಾಗಿ ಮನೆಗೆ ಹೋದ. ಐಡಿಯಾ ಉಳಿಯಿತು, ಮಾನ ಹೊರಟಿತು.

ಚಾಮಯ್ಯನವರು ಸಾಕ್ಷಿ ಕಲೆಹಾಕತೊಡಗಿದರು. ಮೊದಲನೆಯದಾಗಿ, ಇಷ್ಟು ವರ್ಷ ನೆರಳಲ್ಲಿ ನಿಲ್ಲುತ್ತಿದ್ದ ಲಾರಿ ಈಗ ಕೊತಕೊತ ಕುದಿಯುವ ಬಿಸಿಲಿಗೆ ಬಂದು ನಿಂತಿದೆ. ಬುದ್ಧಿ ಇರುವವನು ನೆರಳು ಬಿಟ್ಟು ಬಿಸಿಲಿಗೆ ಬರುವುದು ಏನನ್ನಾದರೂ ಒಣಗಿಸಲು ಮಾತ್ರ. ಲಾರಿಯ ತಲೆಯ ಮೇಲೆ ಒಣಹಾಕುವುದಕ್ಕೇ ಮಾಡಿಸಿದಂಥ ಕಪ್ಪು ಹಲಗೆಗಳೂ ಇವೆ. ಇನ್ನು ಆ ಥರ್ಮೊಕೋಲು. ಅದರ ಪೆಟ್ಟಿಗೆಯಲ್ಲಿ ಐಸು ತುಂಬಿ ಏನು ಸಾಗಿಸುತ್ತಾರೆಂದು ಮಾರ್ಕೆಟ್ಟಿಗೆ ಹೋಗಿಬಂದ ಎಲ್ಲರಿಗೂ ಗೊತ್ತು. ಲಾರಿಯ ಹೊಟ್ಟೆಯಿಂದ ದಿನವೂ ತಣ್ಣನೆಯ ನೀರು ತೊಟತೊಟ ತೊಟ್ಟಿಕ್ಕುತ್ತದೆ. ಕರಗಿದ ಐಸಲ್ಲದೆ ಇನ್ನೇನು? ಎಲ್ಲಕ್ಕಿಂತ ಮುಖ್ಯವಾಗಿ, ಬೆಕ್ಕುಗಳು. ಬೀದಿಯ ಬೆಕ್ಕುಗಳೆಲ್ಲ ಮನೆಮನೆಯ ಹಾಲು ಬಿಟ್ಟು ಮಧ್ಯಾಹ್ನವಾದರೆ ಆ ಲಾರಿಯ ಬಾಗಿಲಿಗೆ ಹೋಗಿ ಕೂರುತ್ತವೆ. ಬಾಗಿಲು ತೆರೆದರೆ ಒಳಕ್ಕೆ ನುಗ್ಗುತ್ತವೆ.

"ಮನುಷ್ಯ ಸುಳ್ಳು ಸಾಕ್ಷಿ ಹೇಳಬಹುದು," ಎಂದು ಚಾಮಯ್ಯನವರು ಜಗಲಿ ಮೇಲೆ ಕೂಡಿದವರಿಗೆ ಹೇಳಿದರು. "ಬೆಕ್ಕು ಹೇಳಲ್ಲ ಕಣ್ರೀ. ಅಲ್ಲಿರೋದು ಮೀನು. ಮಂಗಳೂರಿಂದ ಹಸೀದು ತರೋದು, ಮಿಕ್ಕಿದ್ದನ್ನ ಮೇಲೆ ಒಣಗಿಸೋದು."

ಮೀನು ತಿನ್ನುವವರನ್ನು ಕಂಡರೆ ಬೀದಿಗೇನೂ ಮುನಿಸಿರಲಿಲ್ಲ. ಅರ್ಧ ಬೀದಿ ತಾನೇ ತಿನ್ನುತ್ತಿತ್ತು. ಬೀದಿಗೆ ರುಚಿಸಿದ್ದು ಬೇರೆ: ಮೂರು ಹೊತ್ತು ವಿಭೂತಿ ಹಚ್ಚುವ ಏಕಾಂತಯ್ಯ, ಮಠದ ದಾಸೋಹಕ್ಕೆ ಗಂಗಾವತಿಯಿಂದ ಅಕ್ಕಿ ತರುವ ಏಕಾಂತಯ್ಯ, ಗುಟ್ಟಾಗಿ ಬಂಗುಡೆ ವ್ಯಾಪಾರಕ್ಕಿಳಿದಿದ್ದಾನೆ.

ಮರುದಿನವೇ ಹಿಂದಿನ ಬೀದಿಯ ಲಕ್ಷ್ಮಮ್ಮ ಸೆರಗಿನ ಮರೆಯಲ್ಲಿ ಒಂದು ಪಾತ್ರೆ ಹಿಡಿದು ಪ್ರೇಮಲೀಲಾಳ ಹಿತ್ತಿಲ ಬಾಗಿಲಿಗೆ ಬಂದಳು. ಲಿಂಗಾಯಿತರ ಮನೆಯ ಹೊಸ್ತಿಲಲ್ಲಿ ನಿಂತು ಮೀನು ಅನ್ನಬಾರದೆಂಬ ಸೂಕ್ಷ್ಮ ಅವಳಿಗಿತ್ತು.

"ಅಕ್ಕಾ, ನಿಮ್ಮನೇವ್ರು ಲಾರೀಲಿ ತಣ್ಣಗೆ ಇಟ್ಟವ್ರಂತಲ್ಲ."

ಗುಟ್ಟು ಹೊರಬಿತ್ತಲ್ಲ ಎಂದುಕೊಂಡರೂ ಪ್ರೇಮಲೀಲಾಗೆ ಒಳಗೊಳಗೇ ಹೆಮ್ಮೆ. "ಯಾರ್ಗೂ ಹೇಳ್ಬೇಡ ಲಕ್ಷ್ಮಮ್ಮ. ಎಷ್ಟು ತಣ್ಣಗಿರುತ್ತೆ ಅಂತೀಯ."

"ನಾನ್ಯಾಕ್ ಹೇಳ್ಲಿ. ಕೆಟ್ಟೋಗಲ್ವಾ ಅಕ್ಕಾ, ಈ ಬಿಸ್ಲಲ್ಲಿ?"

"ಬಿಸಿಲಿದ್ರೇ ಅದು ಚೆನ್ನಾಗಿರೋದು."

"ಒಣಗಿದ್ದೂ ಚೆಂದವೇ ಬುಡಿ. ನಮ್ಮನೇವ್ರಿಗೆ ಹಸೀದೇ ಆಗ್ಬೇಕು. ಸೋಮವಾರ ಬ್ಯಾಡ, ಮಿಕ್ಕಿದ್ ದಿನ ಬಂದ್ರೆ ಎರಡು ಎತ್ತಿಟ್ಟಿರಿ. ತಲೆ ಸಮೇತ."

ಎರಡು ಏನು, ಯಾರ ತಲೆ ಎಂದು ವಿಚಾರಿಸಿದ ಮೇಲೆ ಪ್ರೇಮಲೀಲಾ ಅಲ್ಲೇ ಹಿತ್ತಿಲ ಕಲ್ಲಿನ ಮೇಲೆ ಕುಸಿದು ಕೂತಳು. ಅವಳಿಗೆ ನೀರು ಕುಡಿಸಿದ್ದೂ ಲಕ್ಷ್ಮಮ್ಮನೇ. "ಇಲ್ದಿದ್ರೆ ಇಲ್ಲ ಅನ್ನಿ ಅಕ್ಕಾ, ಅದಕ್ಯಾಕೆ ಇಷ್ಟೊಂದು ನೊಂದ್ಕೋತೀರಿ," ಎಂದು ಸಮಾಧಾನವನ್ನೂ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ವಿಶ್ವನಾಥನ ಕಾರು ಬಂತು. ಅವನು ಕಾರಿನಿಂದ ಇಳಿಯದೆ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ ಮಾತಾಡಿದ.

"ಭಾವ, ಎಸಿ ಅಂದ್ರಿ, ನಂಬ್ದೆ. ಮೀನು ಅಂತ ಒಂದ್ಮಾತು ಹೇಳ್ಬಹುದಿತ್ತು. ಯಾದವಗಿರೀಲಿ ನಾನು ತಲೆ ಎತ್ತಿ ಓಡಾಡೋ ಹಾಗಿಲ್ಲ."

"ಅದು ಎಸೀನೇ ಕಣೋ. ಇಳಿದು ನೋಡು."

"ಬೇಡಿ ಭಾವ. ಕಾರಿನ ಸೀಟಿಗೆ ವಾಸನೆ ಹಿಡ್ಕೊಂಡ್ರೆ ಹೋಗಲ್ಲ. ಲಾರಿ ಮಾರಿ ಅಂಗಡಿಗೆ ಬಂದ್ಬಿಡಿ. ಪಾತ್ರೆಗೆ ಯಾವ ಜಾತೀನೂ ಇಲ್ಲ, ವಾಸನೇನೂ ಇಲ್ಲ."

ಗಾಜು ಏರಿತು. ಅದು ಪೂರ್ತಿ ಮುಚ್ಚುವಷ್ಟರಲ್ಲಿ ಏಕಾಂತಯ್ಯನ ಮೊಬೈಲು ಬಡಿದುಕೊಂಡಿತು. ಮಠದ ಪಾರುಪತ್ಯಗಾರರಾದ ಚನ್ನಬಸವಯ್ಯನವರು.

ಚನ್ನಬಸವಯ್ಯನವರೆಂದರೆ ಸಾಮಾನ್ಯ ಮನುಷ್ಯರಲ್ಲ. ದಾಸೋಹಕ್ಕೆ ಬರುವ ಅಕ್ಕಿ, ಬೇಳೆ, ಬೆಲ್ಲವನ್ನೆಲ್ಲ ಮೂಗಿನಿಂದಲೇ ತೂಗುವವರು. ಮೂಟೆಯ ಬಾಯಿ ಬಿಚ್ಚಿ ಒಮ್ಮೆ ಮೂಸಿ, "ಇದು ಹೋದ ವರ್ಷದ್ದು, ವಾಪಸ್ ಕಳಿಸು," ಎಂದರೆ ಯಾವ ವ್ಯಾಪಾರಿಯೂ ಎದುರಾಡುತ್ತಿರಲಿಲ್ಲ. ಏಕಾಂತಯ್ಯನ ಲಾರಿಗೆ ಅನ್ನ ಹಾಕುತ್ತಿದ್ದದ್ದೇ ಆ ದಾಸೋಹದ ಅಕ್ಕಿಯ ಲೋಡು. ಅದು ತಪ್ಪಿದರೆ ಲಾರಿಯನ್ನು ಯಾರೂ ಮಾರಿಸಬೇಕಾಗಿರಲಿಲ್ಲ, ಅದಾಗಿಯೇ ಮಾರಾಟವಾಗುತ್ತಿತ್ತು.

"ಏಕಾಂತಯ್ಯ, ಈ ವಾರದ ಗಂಗಾವತಿ ಲೋಡಿಗೆ ಬೇರೆ ಲಾರಿ ಹೇಳ್ತಾ ಇದೀನಪ್ಪ. ನೀನು ಏನು ವ್ಯಾಪಾರ ಮಾಡ್ಕೊಂಡ್ರೂ ನಂಗೆ ಬೇಜಾರಿಲ್ಲ. ಆದ್ರೆ ನೂರಾರು ಮಂದಿ ಉಣ್ಣೋ ಪ್ರಸಾದದ ಅಕ್ಕಿ ಆ ಗಾಡೀಲಿ ಬರೋದು ಬೇಡ."

"ಅಯ್ನೋರೆ, ಅದು ಎಸಿ. ಮನುಷ್ಯ ಮಲಗೋಕೆ ಇರೋದು."

"ಲಾರೀಲಿ ಎಸಿ ಹಾಕ್ಕೊಂಡು ಮಲಗೋ ಮನುಷ್ಯನ್ನ ನಾನು ಇದುವರೆಗೆ ನೋಡಿಲ್ಲ."

"ನಾಳೆ ಮಧ್ಯಾಹ್ನ ಬಂದು ನೀವೇ ಮಲಗಿ ಅಯ್ನೋರೆ. ಮೂಸಿ ನೋಡಿ. ಒಂದು ಎಳೆ ಮೀನಿನ ವಾಸನೆ ಬಂದ್ರೆ ಬೀಗದ ಕೈ ನಿಮ್ಮ ಕೈಗೆ ಕೊಟ್ಟು, ನಾಡಿದ್ದಿನಿಂದ ಚೊಂಬು ಮಾರ್ತೀನಿ."

ಚನ್ನಬಸವಯ್ಯನವರ ಮೂಗಿಗೆ ಯಾರೂ ಇಷ್ಟು ನೇರವಾಗಿ ಸವಾಲು ಹಾಕಿರಲಿಲ್ಲ. "ಬರ್ತೀನಿ," ಎಂದರು.

ಏಕಾಂತಯ್ಯ ಆ ಸಂಜೆಯೆಲ್ಲ ತಾಲೀಮು ನಡೆಸಿದ. ಎಸಿ ಹಾಕಿದ, ಆರಿಸಿದ, ಮತ್ತೆ ಹಾಕಿದ. ಅಯ್ನೋರು ಎತ್ತ ತಲೆ ಇಟ್ಟರೆ ಗಾಳಿ ನೇರ ಬರುತ್ತದೆ ಎಂದು ತಾನೇ ಹೊರಳಿ ಹೊರಳಿ ನೋಡಿದ. ಬ್ಯಾಟರಿ ಇಳಿಯಿತು. ಇಳಿದರೇನು, ಬೆಳಗಾದರೆ ಸೂರ್ಯ ತುಂಬಿಸುತ್ತಾನೆ.

ಮರುದಿನ ಬಿಸಿಲು ಕಾದ ಹೆಂಚಿನಂತಿತ್ತು. ಖಾಲಿ ಜಾಗದ ತುಂಬ ಜನ. ಜಗಲಿ ಬಿಟ್ಟು ಚಾಮಯ್ಯನವರೇ ಕುರ್ಚಿ ತಂದು ಹಾಕಿಕೊಂಡಿದ್ದರು. ಅಶ್ವತ್ಥ ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ವೈದ್ಯನ ಹಾಗೆ ಓಡಾಡುತ್ತಿದ್ದ. ಲಕ್ಷ್ಮಮ್ಮ ಯಾವುದಕ್ಕೂ ಇರಲಿ ಎಂದು ಪಾತ್ರೆ ತಂದಿದ್ದಳು. ವಿಶ್ವನಾಥನೂ ಬಂದಿದ್ದ, ಮೂಗಿಗೆ ಕರ್ಚೀಫು ಹಿಡಿದು.

ಚನ್ನಬಸವಯ್ಯನವರು ಬಿಳಿ ಪಂಚೆ, ಹೊದ್ದ ವಸ್ತ್ರ, ಹಣೆಯ ತುಂಬ ವಿಭೂತಿಯೊಂದಿಗೆ ಬಂದು ಲಾರಿಯನ್ನು ಒಂದು ಸುತ್ತು ಮೂಸಿದರು. ಟೈರಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹತ್ತಿ, ಸೀಟಿನ ಹಿಂದಿನ ದಪ್ಪ ಪರದೆ ಸರಿಸಿ ಒಳಗೆ ಮಲಗಿದರು. ಏಕಾಂತಯ್ಯ ಪರದೆ ಎಳೆದು ಗುಂಡಿ ಒತ್ತಿದ.

ಎಸಿ ಗುರ್ ಅಂತು. ಆಮೇಲೆ ಗೊರ್ ಅಂತು. ಆಮೇಲೆ ಏನೂ ಅನ್ನಲಿಲ್ಲ.

ಥರ್ಮೊಕೋಲ್ ಅಂಟಿಸಿದ ಆ ಗೂಡಿಗೆ ತಣ್ಣಗಿನ ಗಾಳಿಯನ್ನು ಹೇಗೆ ಹಿಡಿದಿಡುವುದೆಂದು ಗೊತ್ತಿದ್ದ ಹಾಗೆ ಬಿಸಿ ಗಾಳಿಯನ್ನು ಹಿಡಿದಿಡುವುದೂ ಗೊತ್ತಿತ್ತು. ಪ್ರೇಮಲೀಲಾ ಬೆಳಿಗ್ಗೆ ಹಚ್ಚಿಟ್ಟಿದ್ದ ಊದಿನಕಡ್ಡಿಯ ಹೊಗೆಯೂ ಒಳಗೇ ಇತ್ತು. ಸ್ವಲ್ಪ ಹೊತ್ತಿಗೆ ಪರದೆ ಸರಿದು, ಕೆಮ್ಮುತ್ತ, ಬೆವರಿ ತೊಪ್ಪೆಯಾದ ಚನ್ನಬಸವಯ್ಯನವರು ಹೊರಬಂದರು.

"ಇದೇನಯ್ಯ, ಹಬೇಲಿ ಇಡ್ಲಿ ಬೇಯಿಸೋ ಹಾಗೆ ಬೇಯಿಸ್ಬುಟ್ಟೆ?"

"ವಾಸನೆ ಮುಚ್ಚೋಕೆ ಊದಿನಕಡ್ಡಿ," ಎಂದು ಚಾಮಯ್ಯನವರು ಪಕ್ಕದವರಿಗೆ ಹೇಳಿದರು. "ದಾಖಲು ಮಾಡ್ಕೊಳಿ."

ವಿಶ್ವನಾಥ ಕರ್ಚೀಫಿನೊಳಗಿಂದಲೇ, "ಅಂಗಡಿ ಹತ್ತು ಗಂಟೆಗೆ ತೆಗೀತೀವಿ ಭಾವ," ಎಂದ.

ಏಕಾಂತಯ್ಯ ಪಂಚೆ ಎತ್ತಿ ಕಟ್ಟಿ ಲಾರಿಯ ತಲೆ ಏರಿದ. ಮೇಲೆ ಹೋದವನು ಅಲ್ಲೇ ಕಲ್ಲಾಗಿ ನಿಂತ.

ಒಂದು ಪ್ಲೇಟೂ ಕಾಣುತ್ತಿರಲಿಲ್ಲ. ಪ್ರತಿಯೊಂದರ ಮೇಲೂ ಈ ಅಂಚಿನಿಂದ ಆ ಅಂಚಿಗೆ ಮೂರು ಪಟ್ಟೆ ವಿಭೂತಿ, ಸುಣ್ಣ ಬಳಿದ ಹಾಗೆ. ನಡುವೆ ಅರಿಶಿನ, ಕುಂಕುಮ. ಸಂದು ಉಳಿದಲ್ಲೆಲ್ಲ ಚೆಂಡು ಹೂವಿನ ಹಾರ. ಬೆಳಗಿನಿಂದ ಸೂರ್ಯ ಒಂದು ಕಿರಣವನ್ನಾದರೂ ಒಳಗೆ ಇಳಿಸಲು ಜಾಗ ಹುಡುಕಿ ಸೋತಿದ್ದ.

"ಪ್ರೇಮಾ, ಏನೇ ಇದು?"

ಕೆಳಗಿನಿಂದ ಪ್ರೇಮಲೀಲಾ ತಲೆ ಎತ್ತಿ ಹೇಳಿದಳು: "ಊರೋರೆಲ್ಲ ಮೀನು ಮೀನು ಅಂತ ಗಾಡಿಗೆ ದೃಷ್ಟಿ ಹಾಕಿದ್ರಲ್ಲ. ಬೆಳಿಗ್ಗೆ ಏಣಿ ಹಾಕ್ಕೊಂಡು ಹತ್ತಿ ಪೂಜೆ ಮಾಡ್ದೆ. ಲಿಂಗಕ್ಕೆ ಹಚ್ಚೋ ಹಾಗೆ ಮೂರು ಬೆರಳಲ್ಲಿ ಹಚ್ಚಿದೀನಿ ರೀ."

"ಮೂರು ಬೆರಳಲ್ಲ ಕಣೇ, ಮೂರು ಮೊರ ಇದೆ."

ಅಶ್ವತ್ಥ ಹಣೆ ಚಚ್ಚಿಕೊಂಡ. "ಪ್ಲೇಟು ಬರೀ ಮೈಲಿ ಇರ್ಬೇಕು ಅಕ್ಕ. ಒರೆಸಿ ಏಕಾಂತಣ್ಣ, ಬೇಗ ಒರೆಸಿ."

ಏಕಾಂತಯ್ಯ ಹೆಗಲ ಟವಲು ತೆಗೆದದ್ದೇ ತಡ, ಕೆಳಗಿನಿಂದ ಚನ್ನಬಸವಯ್ಯನವರ ದನಿ ಏರಿತು.

"ಏಯ್, ಏನ್ ಮಾಡ್ತಾ ಇದೀಯ? ಪೂಜೆ ಮಾಡಿದ ವಿಭೂತೀನ ಧೂಳು ಕೊಡವೋ ಹಾಗೆ ಕೊಡವ್ತೀಯ? ನನ್ನ ಕಣ್ಮುಂದೆ?"

ಟವಲು ಗಾಳಿಯಲ್ಲೇ ನಿಂತಿತು. ಒರೆಸಿದರೆ ಅಯ್ನೋರು ಹೋಗುತ್ತಾರೆ. ಒರೆಸದಿದ್ದರೆ ಎಸಿ ಹೋಗುತ್ತದೆ. ಎರಡರಲ್ಲಿ ಯಾವುದು ಹೋದರೂ ಲಾರಿ ಹೋಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಪಾತ್ರೆ ಅಂಗಡಿಗೆ ಧುಮುಕಿಬಿಡುತ್ತಿದ್ದರು. ಏಕಾಂತಯ್ಯ ಟವಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ, ಕಣ್ಣು ಮುಚ್ಚಿ ಕೈ ಮುಗಿದ, ಆಮೇಲೆ ಒಂದು ಹಿಡಿ ವಿಭೂತಿ ಬಾಚಿಕೊಂಡ.

"ಒರೆಸ್ತಿಲ್ಲ ಅಯ್ನೋರೆ," ಎಂದ. "ಪೂಜೆ ಆಯ್ತಲ್ಲ, ಪ್ರಸಾದ ಹಂಚ್ತೀನಿ. ಎಲ್ಲಾ ಸಾಲಾಗಿ ಬನ್ನಿ."

ಪ್ರಸಾದ ಎಂದ ಮೇಲೆ ಬೇಡ ಎನ್ನುವವರು ಯಾರು? ಚನ್ನಬಸವಯ್ಯನವರೇ ಮೊದಲು ಹಣೆ ಒಡ್ಡಬೇಕಾಯಿತು. ಏಣಿಯ ಬುಡದಲ್ಲಿ ಸಾಲು ಬೆಳೆಯಿತು. ಏಕಾಂತಯ್ಯ ಮೇಲಿನಿಂದ ಬಗ್ಗಿ ಬಗ್ಗಿ ಎಲ್ಲರಿಗೂ ಹಚ್ಚಿದ. ಹಣೆಗೆ ಹಚ್ಚಿ ಮುಗಿದವರಿಗೆ ತೋಳಿಗೂ ಹಚ್ಚಿದ. ಕೂದಲು ಹಿಂದೆ ಸರಿದು ಎಲ್ಲಿ ಮುಗಿಯುತ್ತದೋ ತಿಳಿಯದಂತಿದ್ದ ಚಾಮಯ್ಯನವರ ಹಣೆ ತಾನೊಂದೇ ಅರ್ಧ ಪ್ಲೇಟನ್ನು ಖಾಲಿ ಮಾಡಿತು. ಹೂವು ಹೆಂಗಸರ ಮುಡಿಗೆ ಹೋಯಿತು. ಲಕ್ಷ್ಮಮ್ಮ ಪಾತ್ರೆ ತುಂಬ ಹೂವು ಒಯ್ದಳು. ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನನನ್ನೂ ಕರೆದು ಹಚ್ಚಿದರು. ವಿಶ್ವನಾಥ ಎರಡು ಹೆಜ್ಜೆ ಹಿಂದೆ ಸರಿದಾಗ ಅವನ ಅಕ್ಕನೇ ಕತ್ತು ಹಿಡಿದು ತಂದು ಏಣಿಯ ಕೆಳಗೆ ನಿಲ್ಲಿಸಿದಳು. ಕೊನೆಗೆ ಉಳಿದ ತೆಳು ಬಿಳುಪಿನ ಮೇಲೆ ಒಂದು ಬಿಂದಿಗೆ ನೀರು ಹುಯ್ದು, ಅದನ್ನು ತೀರ್ಥವೆಂದು ಎಲ್ಲರ ತಲೆಗೂ ಚಿಮುಕಿಸಿದ್ದಾಯಿತು. ಪ್ಲೇಟುಗಳು ಎಮ್ಮೆಯ ಮೈ ತೊಳೆದ ಹಾಗೆ ಫಳಫಳ ಹೊಳೆದವು.

"ಆದ್ರೂ ಬ್ಯಾಟರಿ ಪೂರ್ತಿ ಇಳಿದೋಗಿದೆ," ಎಂದ ಅಶ್ವತ್ಥ. "ಬರೀ ಬಿಸ್ಲಿಗೆ ತುಂಬೋಕೆ ಸಂಜೆ ಆಗುತ್ತೆ. ಜೊತೆಗೆ ಗಾಡೀನೂ ಓಡ್ಸಿದ್ರೆ ಬೇಗ ತುಂಬುತ್ತೆ."

"ಅಯ್ನೋರೆ, ಹತ್ತಿ. ಒಂದು ಸುತ್ತು."

"ನಾನಾ? ಮತ್ತೆ ಅದ್ರೊಳಗಾ?"

"ಮಾತು ಕೊಟ್ಟಿದ್ರಿ ಮಲಗ್ತೀನಿ ಅಂತ. ಒಂದ್ಸಲ ಬೆಂದಿದ್ದು ಲೆಕ್ಕಕ್ಕಿಲ್ಲ."

ಆ ಮುಖ ನೋಡಿ ಚನ್ನಬಸವಯ್ಯನವರು ವಾದ ಮಾಡಲಿಲ್ಲ. ಹತ್ತಿ ಮಲಗಿದರು. ಲಾರಿ ಹೊರಟಿತು. ಅಗ್ರಹಾರ ದಾಟುವಷ್ಟರಲ್ಲಿ ಎಸಿ ಗುರ್ ಅಂದು ಹಿಡಿಯಿತು. ಪರದೆಯ ಹಿಂದೆ ಕೆಮ್ಮು ನಿಂತಿತು. ಆಮೇಲೆ ಮೂಸುವ ಸದ್ದು ಕೇಳಿತು, ಒಂದು ಸಲ, ಇನ್ನೊಂದು ಸಲ. ಆಮೇಲೆ ಅದೂ ನಿಂತಿತು.

ಏಕಾಂತಯ್ಯನಿಗೆ ಲಾರಿ ನಿಲ್ಲಿಸಲು ಧೈರ್ಯವಾಗಲಿಲ್ಲ. ನಿಲ್ಲಿಸಿದರೆ ಎಸಿ ನಿಂತೀತು, ಎಸಿ ನಿಂತರೆ ಅಯ್ನೋರು ಎದ್ದಾರು, ಎದ್ದರೆ ಏನು ಹೇಳುತ್ತಾರೋ. ಅರಮನೆಯ ಸುತ್ತ ಒಂದು ಸುತ್ತು ಹಾಕಿದ. ಇನ್ನೊಂದು ಹಾಕಿದ. ಮತ್ತೊಂದಕ್ಕೆ ತಿರುಗುವಾಗ ವೃತ್ತದಲ್ಲಿ ಟ್ರಾಫಿಕ್ ಪೇದೆ ಅಡ್ಡ ನಿಂತ.

"ಏನ್ರೀ, ಹಗಲೊತ್ತು ಲಾರಿ ಇಲ್ಲಿ ಬರೋ ಹಾಗಿಲ್ಲ, ಗೊತ್ತಿಲ್ವಾ? ಅದ್ರಲ್ಲೂ ಪ್ರದಕ್ಷಿಣೆ ಹಾಕ್ತಾ ಇದೀರ."

"ಮೆಲ್ಲಗೆ ಮಾತಾಡಿ ಸಾರ್. ಒಳಗೆ ಅಯ್ನೋರವ್ರೆ."

ಪೇದೆ ಮೆಟ್ಟಿಲು ಹತ್ತಿ ಪರದೆ ಸರಿಸಿದ. ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಒಳಗೆ ಬಿಳಿ ವಸ್ತ್ರ ಹೊದ್ದು, ಹಣೆ ತೋಳಿಗೆಲ್ಲ ಹೊಸದಾಗಿ ವಿಭೂತಿ ಧರಿಸಿ, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ, ಕದಲದೆ ಒಬ್ಬ ಹಿರಿಯರು ಮಲಗಿದ್ದರು. ಮೇಲೆ ಒಂದೆರಡು ಚೆಂಡು ಹೂವೂ ಬಿದ್ದಿದ್ದವು. ಪೇದೆ ಟೋಪಿ ತೆಗೆದ.

"ಯಾವಾಗ ಆಯ್ತು?"

"ಹತ್ತಿದ ಹತ್ತು ನಿಮಿಷಕ್ಕೇ ಸಾರ್," ಎಂದ ಏಕಾಂತಯ್ಯ ಹೆಮ್ಮೆಯಿಂದ.

"ಒದ್ದಾಡಿದ್ರಾ?"

"ಮೊದ್ಲು ಸ್ವಲ್ಪ ಕೆಮ್ಮಿದ್ರು. ಆಮೇಲೆ ತಣ್ಣಗಾಗೋದ್ರು."

"ಪುಣ್ಯವಂತರು." ಪೇದೆ ಕೆಳಗಿಳಿದ. ಕಣ್ಣು ಒರೆಸಿಕೊಂಡು ನಾಲ್ಕೂ ಕಡೆಯ ಬಸ್ಸು, ಆಟೋ, ಟಾಂಗಾಗಳನ್ನೆಲ್ಲ ಕೈ ಎತ್ತಿ ನಿಲ್ಲಿಸಿ, ಬೆಂಗಳೂರು ರಸ್ತೆಯ ಕಡೆ ದಾರಿ ಬಿಡಿಸಿಕೊಟ್ಟ. ಇಷ್ಟು ಗೌರವದಿಂದ ತೋರಿಸಿದ ದಾರಿಯನ್ನು ಬಿಟ್ಟು ಬೇರೆ ಕಡೆ ತಿರುಗುವುದು ಏಕಾಂತಯ್ಯನಿಂದ ಆಗಲಿಲ್ಲ. ನೇರ ಹೋದ. ಇದ್ದಕ್ಕಿದ್ದಂತೆ ಇಡೀ ವೃತ್ತ ಲಾರಿಗೆ ಯಾಕೆ ಕೈ ಮುಗಿಯಿತೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ; ಎಸಿಗೇ ಇರಬೇಕೆಂದುಕೊಂಡ.

ಶ್ರೀರಂಗಪಟ್ಟಣ ದಾಟಿದ ಮೇಲೆ ಹಿಂದಿನಿಂದ ಆಕಳಿಕೆ ಕೇಳಿಸಿತು.

"ಎಲ್ಲಿದೀವಯ್ಯ?"

"ಪಟ್ಟಣ ದಾಟಿದ್ವಿ ಅಯ್ನೋರೆ." ಏಕಾಂತಯ್ಯ ಹಿಂದಕ್ಕೆ ಕಿವಿ ಕೊಟ್ಟ. "ವಾಸನೆ ಏನಾದ್ರೂ ಬಂತಾ?"

"ಬಂತು."

ಲಾರಿ ಒಂದು ಸಲ ಜೋಲಿ ಹೊಡೆಯಿತು.

"ಬೆಕ್ಕಿಂದು," ಎಂದರು ಚನ್ನಬಸವಯ್ಯನವರು. "ಮೀನಿಂದು ಇಲ್ಲ."

"ಸೆಕೆ ತಡೀದೆ ಬಂದು ಮಲಗ್ತಿದ್ವು ಅಯ್ನೋರೆ."

"ಬುದ್ಧಿ ಇರೋ ಪ್ರಾಣಿ." ಅಯ್ನೋರು ಮಗ್ಗುಲು ಬದಲಿಸಿದರು. "ಮಠದಲ್ಲಿ ನನ್ನ ಕೋಣೆಗೆ ತಗಡಿನ ಮಾಡು ಕಣಯ್ಯ. ಬೇಸಿಗೇಲಿ ಹಗಲು ನಿದ್ದೆ ಮಾಡಿ ಎಷ್ಟು ವರ್ಷ ಆಯ್ತೋ ನೆನಪಿಲ್ಲ. ಆ ಬೇರೆ ಲಾರಿಯವನಿಗೆ ಫೋನ್ ಮಾಡಿ ಬೇಡ ಅನ್ನು."

"ಆಗ್ಲಿ ಅಯ್ನೋರೆ. ಇಲ್ಲೇ ತಿರುಗಿಸ್ಕೋತೀನಿ."

"ಯಾಕೆ ತಿರುಗಿಸ್ತೀಯ? ಗಂಗಾವತಿ ಹೀಗೇ ಅಲ್ವಾ ಹೋಗೋದು? ನಡಿ. ಅಕ್ಕಿ ಈ ಸಲ ನಾನೇ ಮೂಸಿ ತುಂಬಿಸ್ತೀನಿ."

"ನಿಮ್ಮ ಪೂಜೆ ಗೀಜೆ?"

"ಲಿಂಗ ಕೊರಳಲ್ಲೇ ಇದೆ. ಒಂದು ಚೊಂಬು ನೀರಿದ್ರೆ ಆಯ್ತು. ನೀನು ಗುಂಡಿ ನೋಡ್ಕೊಂಡು ಓಡಿಸು."

ಏಕಾಂತಯ್ಯನ ಎದೆ ಹಗುರಾಯಿತು. ಆಮೇಲೆಯೇ ಅವನಿಗೆ ಸೆಕೆ ತಿಳಿದದ್ದು. ಕಾಲ ಕೆಳಗೆ ಇಂಜಿನ್ ಕುದಿಯುತ್ತಿತ್ತು, ಎದುರು ಗಾಜಿನಿಂದ ಬಿಸಿಲು ಸುರಿಯುತ್ತಿತ್ತು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಒಂದು ಕೈ ಸ್ಟೇರಿಂಗಿನ ಮೇಲಿಟ್ಟು, ಇನ್ನೊಂದು ಮೊಣಕೈಯಿಂದ ಪರದೆಯನ್ನು ಮೆಲ್ಲಗೆ ಎರಡು ಬೆರಳಿನಷ್ಟು ಸರಿಸಿದ. ತಣ್ಣನೆಯ ಗಾಳಿ ಬಂದು ಕತ್ತಿಗೆ ತಾಗಿತು.

ಪರದೆಯ ಹಿಂದಿನಿಂದ ರುದ್ರಾಕ್ಷಿ ಕಟ್ಟಿದ ಒಂದು ಕೈ ಹೊರಬಂತು. ಪರದೆಯ ಅಂಚನ್ನು ತಡಕಿ ಹಿಡಿದು, ಈ ತುದಿಯವರೆಗೂ ಎಳೆದು, ಸಂದಿಲ್ಲದ ಹಾಗೆ ಮುಚ್ಚಿಕೊಂಡಿತು.